ಆಯುಧಪೂಜೆಗೆ ಒಗೆದ ಬಲೆ

ಉಗ್ರಪ್ಪನವರಿಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ. ಲೇತ್ ಮಿಷನ್ನಿನ ಮುಂದೆ ನಲವತ್ತು ವರ್ಷ ನಿಂತ ಮನುಷ್ಯನಿಗೆ ಉಗುರಿನ ಸಂದಿಯ ಗ್ರೀಸು ಹೊಸದೇನಲ್ಲ, ಆದರೆ ಅದನ್ನು ಅವರು ಕೊಳೆ ಎಂದು ಒಪ್ಪುತ್ತಲೇ ಇರಲಿಲ್ಲ. ಮಿಕ್ಕಿದ್ದೆಲ್ಲ ಕೊಳೆಯೇ. ಆಯುಧಪೂಜೆಯ ಹಿಂದಿನ ದಿನವಂತೂ ಅವರ ಕಣ್ಣಿಗೆ ಬಿದ್ದ ಪ್ರತಿಯೊಂದು ವಸ್ತುವೂ ನೀರು ಕಾಣಲೇಬೇಕು. ಲಗ್ಗೆರೆಯಲ್ಲಿ ಅವರದೇ ಶೆಡ್ಡು ಇದ್ದ ಕಾಲದಲ್ಲಿ, ಹಬ್ಬದ ಹಿಂದಿನ ಮಧ್ಯಾಹ್ನ ಆ ಬೀದಿಯಲ್ಲಿ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲವಂತೆ. ನಿಲ್ಲಿಸಿದರೆ ಅದನ್ನೂ ತೊಳೆದು, ಹ್ಯಾಂಡಲ್ಲಿಗೆ ಕುಂಕುಮ ಇಟ್ಟು ಕಳಿಸುತ್ತಿದ್ದರು. ಈ ಒಂದು ಗುಣವೇ ಈ ಸಲ ಅವರ ಕುತ್ತಿಗೆಗೆ ಬಂತು.

ಈಗ ಅವರ ಕೆಲಸ ಉಲ್ಲಾಳದಲ್ಲಿ. ಉಲ್ಲಾಳ ಅಂದ ಕೂಡಲೇ ಮಂಗಳೂರಿನ ಪಕ್ಕದ ಉಲ್ಲಾಳ ನೆನಪಾಗಿ ಮೀನು, ಮರಳು, ತಂಗಾಳಿ ಅಂತ ಕನಸು ಕಾಣಬೇಡಿ. ಇದು ಕೆಂಗೇರಿ ಕಡೆಯ ಉಲ್ಲಾಳ. ಇಲ್ಲಿರುವುದು ಒಂದು ಕೆರೆ, ಸಾಲು ಸಾಲು ಬಾಡಿಗೆ ಮನೆ, ಕಾಲಿಡಲು ಜಾಗವಿಲ್ಲದ ಬಸ್ಸು. ಅಲ್ಲೊಂದು ಕ್ಲಬ್ಬು ಮುಚ್ಚಿಹೋಗಿ, ಅದರ ಈಜುಕೊಳ ಪಾಚಿಗಟ್ಟಿ ಬಿದ್ದಿತ್ತು. ವಿಜಯಶ್ರೀ ಎಂಬ ಇಂಜಿನಿಯರಮ್ಮ ಆ ಕೊಳವನ್ನು ಬಾಡಿಗೆಗೆ ಹಿಡಿದು, ಮೇಲೆ ತಗಡು ಹೊದಿಸಿ, ಉಗ್ರಪ್ಪನವರ ಲೇತನ್ನೂ ಉಗ್ರಪ್ಪನವರನ್ನೂ ಲಗ್ಗೆರೆಯಿಂದ ಒಂದೇ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದಳು. ಅದು ಮೂರು ವರ್ಷದ ಹಿಂದಿನ ಮಾತು.

ಅವಳು ಮಾಡಲು ಹೊರಟ ಕೆಲಸ ಏನೆಂದು ಉಗ್ರಪ್ಪನವರಿಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ನಿಮಗೆ ಅಷ್ಟು ಹೊತ್ತು ಬೇಡ. ಚಿತ್ರದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳನ್ನು ಎಲ್ಲರೂ ನೋಡಿದ್ದೀರಿ. ಅಂಥವನ್ನೇ ಸಮುದ್ರದ ಮೇಲೂ ನಿಲ್ಲಿಸುತ್ತಾರೆ. ನೀರು ತೀರ ಆಳವಾದ ಕಡೆ ತಳಕ್ಕೆ ಕಂಬ ಹೂಳಲು ಆಗುವುದಿಲ್ಲ, ಆಗ ಫ್ಯಾನನ್ನು ಮೂರು ಕಾಲಿನ ತೆಪ್ಪದ ಮೇಲೆ ನಿಲ್ಲಿಸಿ, ಒಂದೊಂದು ಕಾಲಿಗೂ ಒಂದೊಂದು ಲಂಗರಿನ ಹಗ್ಗ ಬಿಗಿದು ತೇಲಿಬಿಡುತ್ತಾರೆ. ಗಾಳಿಯನ್ನೂ ಅಲೆಯನ್ನೂ ಅದು ಹೇಗೋ ಸಂಭಾಳಿಸುತ್ತದೆ. ಸಂಭಾಳಿಸಲಾಗದ್ದು ಬಲೆ. ಮೀನುಗಾರರು ಕತ್ತರಿಸಿ ಬಿಟ್ಟ ಬಲೆ, ಬಿರುಗಾಳಿಗೆ ಕಳಚಿಕೊಂಡ ಬಲೆ, ಯಜಮಾನನಿಲ್ಲದೆ ವರ್ಷಗಟ್ಟಲೆ ನೀರಿನಲ್ಲಿ ಅಲೆಯುತ್ತಿರುತ್ತದೆ. ಅದು ಬಂದು ಹಗ್ಗಕ್ಕೆ ಸಿಕ್ಕಿಕೊಂಡರೆ ಹಗಲೂ ರಾತ್ರಿ ಉಜ್ಜುತ್ತದೆ, ಜಗ್ಗುತ್ತದೆ, ಹೋಗುವ ಬರುವ ಕಸವನ್ನೆಲ್ಲ ಕರೆದು ಜೊತೆಗಿಟ್ಟುಕೊಳ್ಳುತ್ತದೆ. ನೀರಿನೊಳಗೆ ದಿನಾ ಇಣುಕಿ ನೋಡುವವರು ಯಾರು? ಹಗ್ಗ ತುಂಡಾಗಿ, ಫ್ಯಾನು ದಿಕ್ಕೆಟ್ಟು ಹೊರಟ ಮೇಲೆಯೇ ಸುದ್ದಿ ದಡಕ್ಕೆ ಬರುವುದು.

ಹಾಗೆ ಆಗದಂತೆ, ಬಲೆ ಸಿಕ್ಕಿದ ತಕ್ಷಣ ಯಾವ ಹಗ್ಗಕ್ಕೆ ಸಿಕ್ಕಿದೆ ಎಂದು ದಡಕ್ಕೆ ತಿಳಿಸುವ ಒಂದು ಪೆಟ್ಟಿಗೆಯನ್ನು ವಿಜಯಶ್ರೀ ಮಾಡಿದ್ದಳು. ಅಂಗೈಯಗಲದ ಪೆಟ್ಟಿಗೆ, ಕಾಲಿಗೊಂದರಂತೆ ಮೂರು. ಒಳಗಿನ ಸೂಕ್ಷ್ಮವೆಲ್ಲ ಅವಳದು, ಅದನ್ನು ಓದುವ ಸಾಫ್ಟ್‌ವೇರು ಶಶಿಕುಮಾರ್ ಎಂಬ ಹುಡುಗನದು, ಹೊರಗಿನ ಕವಚ ಮತ್ತು ಅದನ್ನು ಫ್ಯಾನಿನ ಕಾಲಿಗೆ ಕಚ್ಚಿಸುವ ಬ್ರಾಕೆಟ್ಟು ಉಗ್ರಪ್ಪನವರದು. ಕೊಳಕ್ಕೆ ಒಂದು ಹಲಗೆ, ಒಂದು ಮೋಟರು, ಒಂದು ಕ್ರ್ಯಾಂಕು ಜೋಡಿಸಿ ಅಲೆ ಎಬ್ಬಿಸುವ ಯಂತ್ರವನ್ನೂ ಅವರೇ ಮಾಡಿದರು. ಆಳೆತ್ತರದ ಹಳದಿ ಫ್ಯಾನು ಮಾಡಿ, ಮೂರು ಉಕ್ಕಿನ ತಂತಿಯಿಂದ ಕೊಳದ ತಳಕ್ಕೆ ಬಿಗಿದು ತೇಲಿಸಿದರು. ಅರವತ್ತೊಂದು ವರ್ಷಕ್ಕೆ ಒಮ್ಮೆಯೂ ಸಮುದ್ರ ನೋಡಿರದ ಮನುಷ್ಯ ಉಲ್ಲಾಳದಲ್ಲಿ ಒಂದು ಸಮುದ್ರವನ್ನೇ ಕಟ್ಟಿ ಕೊಟ್ಟರು.

ಈ ಪೆಟ್ಟಿಗೆಯ ಮೇಲೆ ಅವರಿಗೆ ಇದ್ದ ಆಸೆಗೆ ಒಂದು ಕಾರಣವಿತ್ತು. ನಲವತ್ತು ವರ್ಷದಲ್ಲಿ ಅವರು ಕಡೆದು ಕೊಟ್ಟ ಬುಷ್ಷು, ಪಿನ್ನು, ಶಾಫ್ಟುಗಳಿಗೆ ಲೆಕ್ಕವಿಲ್ಲ. ಎಲ್ಲವೂ ಗೋಣಿಚೀಲದಲ್ಲಿ ತುಂಬಿ ಹೋದವು. ಯಾವ ಊರಿಗೆ, ಯಾವ ಯಂತ್ರದ ಹೊಟ್ಟೆಗೆ ಎಂದು ಒಬ್ಬರೂ ಹೇಳಿದ್ದಿಲ್ಲ, ಕೇಳಿದರೆ ನಿನಗ್ಯಾಕೆ ಎನ್ನುವವರೇ. ಇದೊಂದು ಮಾತ್ರ ಹೋಗಿ ಕೂರುವ ಜಾಗ ಅವರಿಗೆ ಗೊತ್ತಿತ್ತು. ಸಮುದ್ರದ ನಡುವೆ, ಫ್ಯಾನಿನ ಕಾಲಿಗೆ. ಇದನ್ನು ಅವರು ಮನೆಯಲ್ಲಿ ಹೆಂಡತಿ ಅಂಜನಮ್ಮನ ಮುಂದೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು.

ಆದರೆ ಸಮುದ್ರಕ್ಕೆ ಹೋಗುವುದು ಸುಲಭವಿರಲಿಲ್ಲ. ಒಂದು ಕಂಪನಿ ಪರೀಕ್ಷೆಗೆಂದು ಒಂದು ತೇಲುವ ಫ್ಯಾನು ನಿಲ್ಲಿಸುತ್ತಿತ್ತು. ಅದರಲ್ಲಿ ಬಲೆ ಹಿಡಿಯಲು ಒಂದು ತಂಡದ ಪೆಟ್ಟಿಗೆಗಷ್ಟೇ ಜಾಗ, ಕೇಳಿದವರು ನಾಲ್ಕು ಊರಿನವರು. ಯಾರದ್ದು ಹೋಗಬೇಕೆಂದು ತೀರ್ಮಾನಿಸಲು ಕಂಪನಿಯ ಚನ್ನವೀರೇಶ್ ಎಂಬವರು ಊರೂರು ಸುತ್ತುತ್ತಿದ್ದರು. ಬೆಂಗಳೂರಿಗೆ ಅವರು ಕೊಟ್ಟ ದಿನ ಆಯುಧಪೂಜೆ, ಬೆಳಗ್ಗೆ ಹನ್ನೊಂದು ಗಂಟೆ. ಹಬ್ಬದ ದಿನವೇ ಸಿಕ್ಕಿತಾ ಇವರಿಗೆ ಎಂದು ಶಶಿಕುಮಾರ್ ಗೊಣಗಿದ. ಇದಕ್ಕಿಂತ ಒಳ್ಳೆ ಮುಹೂರ್ತ ಪಂಚಾಂಗದಲ್ಲೇ ಇಲ್ಲ ಎಂದು ಉಗ್ರಪ್ಪನವರು ಹಿಗ್ಗಿದರು.

ಇನ್ನು ಬಲೆಯ ವಿಷಯ. ವಿಜಯಶ್ರೀ ಅದನ್ನು ಸಮುದ್ರವಿರುವ ಆ ಉಲ್ಲಾಳದ ದಡದಿಂದ ಎತ್ತಿಕೊಂಡು ಬಂದಿದ್ದಳು. ಯಾರೋ ಬಿಟ್ಟುಹೋದ, ಕಪ್ಪೆಚಿಪ್ಪು ಅಂಟಿದ ಹರಕು ಬಲೆ. ನೀರಿನಲ್ಲಿ ಬಹಳ ದಿನ ಇದ್ದದ್ದರಂತೆ ಅದು ಆಗಬೇಕೆಂದು ಉಪ್ಪುನೀರು ತುಂಬಿದ ನೀಲಿ ಡ್ರಮ್ಮಿನಲ್ಲಿ ಐದು ತಿಂಗಳು ನೆನೆಹಾಕಿದ್ದಳು. ಪಾಚಿ ಹಿಡಿದು, ಲೋಳೆ ಕಟ್ಟಿ, ಅದರ ನಾತ ಗೇಟಿನಾಚೆಗೆ ಹೋಗಿ ಪಕ್ಕದ ಮನೆಯವರು ಎರಡು ಸಲ ಜಗಳಕ್ಕೆ ಬಂದಿದ್ದರು. ಆ ಬಲೆಯನ್ನು ಕೊಳಕ್ಕೆ ಬಿಟ್ಟರೆ ಲೋಳೆಯ ಭಾರಕ್ಕೆ ಪರದೆಯಂತೆ ಹರಡಿಕೊಂಡು ತಂತಿಯನ್ನು ಜಗ್ಗುತ್ತಿತ್ತು, ಪೆಟ್ಟಿಗೆ ತಪ್ಪದೆ ಕೂಗುತ್ತಿತ್ತು. ಹತ್ತು ಸಲ ಬಿಟ್ಟು ನೋಡಿದ್ದರು, ಹತ್ತು ಸಲವೂ ಹಿಡಿದಿತ್ತು.

ಹಬ್ಬದ ಹಿಂದಿನ ದಿನ ವಿಜಯಶ್ರೀಯೂ ಶಶಿಕುಮಾರನೂ ಹೂವು ಹಣ್ಣು ತರಲು ರಾಜಾಜಿನಗರಕ್ಕೆ ಹೋದರು. ಹೋಗುವಾಗ ಕೊಳದ ನೀರು ಬದಲಾಯಿಸಬೇಡಿ, ಡ್ರಮ್ಮನ್ನು ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದಳು. ಕೊಳದ ಮಾತು ಉಗ್ರಪ್ಪನವರ ಕಿವಿಗೆ ಬಿತ್ತು. ಡ್ರಮ್ಮಿನ ಮಾತು ಹೇಳುವಾಗ ಅವರು ಲೇತಿಗೆ ಸೀಮೆಎಣ್ಣೆ ಬಟ್ಟೆ ಹಾಕಿ ಉಜ್ಜುತ್ತಿದ್ದರು.

ಲೇತು ಹೊಳೆಯಿತು. ಡ್ರಿಲ್ಲಿಂಗ್ ಮಿಷನ್ನು ಹೊಳೆಯಿತು. ಸ್ಪ್ಯಾನರುಗಳು ಮದುವಣಗಿತ್ತಿಯರ ಹಾಗೆ ಸಾಲಾಗಿ ಕುಳಿತವು. ನೆಲ ತೊಳೆದು, ಗೋಡೆ ಒರೆಸಿ, ತಗಡಿನ ಜೇಡರಬಲೆ ತೆಗೆದು ಆದ ಮೇಲೆ ಉಳಿದದ್ದು ಮೂಲೆಯ ಆ ಡ್ರಮ್ಮು. ಅದರ ಮುಂದೆ ನಿಂತು ಉಗ್ರಪ್ಪನವರು ಮೂಗು ಮುಚ್ಚಿಕೊಂಡರು. ಅಲ್ಲಿ ಕಸ ಗುಡಿಸಿ, ಸಾಮಾನು ಎತ್ತಿಡುವ ಕೆಲಸಕ್ಕಿದ್ದ ಬಾಗಲಕೋಟೆ ಕಡೆಯ ಹನುಮವ್ವ ಅವರ ಮನಸ್ಸಿನಲ್ಲಿರುವುದನ್ನು ಆಗಲೇ ಓದಿಬಿಟ್ಟಳು.

"ಯಜಮಾನ್ರ, ಡ್ರಮ್ಮಿಗೆ ಕೈ ಹಚ್ಚಬ್ಯಾಡ್ರಿ ಅಂದಾರ ಮೇಡಮ್ಮೋರು."

"ನೀರಿಗೆ ಕೈ ಹಾಕ್ಬೇಡಿ ಅಂದಿದ್ದು ಕಣಮ್ಮ, ಕೊಳದ ನೀರಿಗೆ. ನಾಳೆ ದೊಡ್ಡೋರು ಬರ್ತಾರೆ, ಪೂಜೆ ಆಗುತ್ತೆ. ದೇವರಿಗೆ ಊದುಬತ್ತಿ ಹಚ್ಚಿ, ಪಕ್ಕದಲ್ಲಿ ಈ ನಾತ ಇಡ್ತೀಯಾ?"

ಹನುಮವ್ವನಿಗೆ ಇನ್ನೊಂದು ಸಲ ಹೇಳುವ ಮನಸ್ಸಿತ್ತು. ಆದರೆ ಉಗ್ರಪ್ಪನವರು ಆಗಲೇ ತೋಳು ಮಡಚಿದ್ದರು. ಬಿಸಿನೀರು ಕಾಯಿಸಿ, ಅದಕ್ಕೆ ಎರಡು ಪ್ಯಾಕೆಟ್ ವಾಷಿಂಗ್ ಸೋಡ ಸುರಿದು, ಬಲೆಯನ್ನು ಅದ್ದಿ, ತೆಂಗಿನ ಬ್ರಶ್ಶು ಹಿಡಿದು ಮೊಳ ಮೊಳವಾಗಿ ಉಜ್ಜಿದರು. ಅಂಟಿದ ಚಿಪ್ಪನ್ನೆಲ್ಲ ಮರದ ಸುತ್ತಿಗೆಯಿಂದ ತಟ್ಟಿ ಉದುರಿಸಿದರು. ಆಮೇಲೆ ಕಂಬಳಿ ಹಿಂಡುವ ಹಾಗೆ ಆ ತುದಿ ಹನುಮವ್ವ, ಈ ತುದಿ ಇವರು ಹಿಡಿದು ಎದುರುಬದುರು ತಿರುಚಿದರು. ನಲವತ್ತು ಅಡಿ ಬಲೆ ಹುರಿಯಾಗಿ, ತೋಳುದಪ್ಪದ ಹಗ್ಗವಾಗಿ ನೀರು ಕಾರಿತು. ಬಿಚ್ಚಿಕೊಳ್ಳದಿರಲಿ ಎಂದು ಎರಡೂ ತುದಿಗೆ ಗಂಟು ಹಾಕಿ, ತಗಡಿನ ಕೆಳಗಿನ ಕಬ್ಬಿಣದ ತೊಲೆಗೆ ಬಿಗಿದು ಕಟ್ಟಿದರು. ಇದೆಲ್ಲ ಮುಗಿದಾಗ ನಾತ ಹೋಗಿ, ಇಡೀ ಶೆಡ್ಡು ಆಸ್ಪತ್ರೆಯ ಹಾಗೆ ಘಮಘಮ ಎನ್ನುತ್ತಿತ್ತು. ಉಗ್ರಪ್ಪನವರು ದೀಪಾಂಜಲಿ ನಗರದ ಮನೆಗೆ ಹೋಗಿ, ಇವತ್ತು ಮಾಡಿದಷ್ಟು ಕೆಲಸ ಜನ್ಮದಲ್ಲೇ ಮಾಡಿರಲಿಲ್ಲ ಎಂದು ಅಂಜನಮ್ಮನಿಗೆ ಹೇಳಿ ಹೊಟ್ಟೆ ತುಂಬ ಉಂಡರು.

ಬೆಳಗ್ಗೆ ಒಂಬತ್ತಕ್ಕೆಲ್ಲ ಬಿಳಿ ಪಂಚೆ ಉಟ್ಟು, ಬಿಳಿ ಶರ್ಟು ತೊಟ್ಟು, ಬೂದುಗುಂಬಳಕಾಯಿ ಹಿಡಿದು ಬಂದರು. ಬಾಳೆಕಂದು ಕಟ್ಟಿದರು, ಚೆಂಡುಹೂವಿನ ಹಾರ ಎಳೆದರು, ಸ್ಕ್ರೂಡ್ರೈವರುಗಳಿಗೆಲ್ಲ ವಿಭೂತಿ ಬಳಿದು ಕುಂಕುಮ ಇಟ್ಟರು. ಮೊದಲು ಪರೀಕ್ಷೆ, ಗೆದ್ದ ಮೇಲೆ ಮಂಗಳಾರತಿ ಎಂದು ವಿಜಯಶ್ರೀ ಮೊದಲೇ ಹೇಳಿದ್ದಳು. ಅವಳು ಬಂದವಳೇ ಡ್ರಮ್ಮಿನ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ಡ್ರಮ್ಮು ಕೂಡ ಹೊಳೆಯುತ್ತಿತ್ತು.

"ಅಣ್ಣ, ಬಲೆ ಎಲ್ಲಿ?"

"ಅಲ್ಲಿದೆ ನೋಡಮ್ಮ ಮೇಲೆ. ಹೊಸದ್ರ ಥರ ಮಾಡಿದೀನಿ."

ವಿಜಯಶ್ರೀ ಮೇಲೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಉಗ್ರಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಕೊಳದ ಮೆಟ್ಟಿಲ ಮೇಲೆ ಕುಸಿದು ಕುಳಿತು, "ಐದು ತಿಂಗಳು ಅಣ್ಣ" ಎಂದಳು, ಅಷ್ಟೇ. ಮಿಕ್ಕಿದ್ದನ್ನು ಶಶಿಕುಮಾರ್ ಬಿಡಿಸಿ ಹೇಳಿದ. ಆ ಲೋಳೆಯೇ ಬಲೆಯ ಜೀವ, ಅದಿಲ್ಲದೆ ತಂತಿಗೆ ಜಗ್ಗು ಬೀಳುವುದಿಲ್ಲ, ಜಗ್ಗು ಬೀಳದೆ ಪೆಟ್ಟಿಗೆ ಕೂಗುವುದಿಲ್ಲ.  ಈ ಹುಡುಗಿಯ ಮೂರು ವರ್ಷದ ಕಷ್ಟವನ್ನು ಎರಡು ಪ್ಯಾಕೆಟ್ ಸೋಡಾದಲ್ಲಿ ತೊಳೆದುಬಿಟ್ಟೆನಲ್ಲ ಎಂದು ಉಗ್ರಪ್ಪನವರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ನಾನು ಹೇಳಿರಲಿಲ್ಲವೇ ಎಂದು ಹನುಮವ್ವ ಅನ್ನಲಿಲ್ಲ. ಸುಮ್ಮನೆ ಪೊರಕೆ ತೆಗೆದುಕೊಂಡು ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಅದು ಇನ್ನೂ ಚುಚ್ಚಿತು.

ಬಲೆಯನ್ನು ಹುರಿಯಿಂದಾದರೂ ಬಿಡಿಸೋಣ, ಹರಡಿಕೊಂಡರೆ ಸ್ವಲ್ಪವಾದರೂ ಜಗ್ಗೀತು ಎಂದು ನಾಲ್ವರೂ ಕೂತರು. ಬಿಸಿನೀರಿನಲ್ಲಿ ಬೆಂದು, ಬಿಗಿದು ಕಟ್ಟಿದಂತೆಯೇ ಒಣಗಿದ ನೈಲಾನು ಹಟ ಹಿಡಿದಿತ್ತು. ಮುಕ್ಕಾಲು ಗಂಟೆ ಒದ್ದಾಡಿ ಎರಡು ಮೊಳ ಬಿಡಿಸುವಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು.

ಚನ್ನವೀರೇಶ್ ಐವತ್ತು ದಾಟಿದ, ಬಿಸಿಲಿಗೆ ಕಂದಿದ ಮುಖದ ಮನುಷ್ಯ. ಇಪ್ಪತ್ತು ವರ್ಷ ಸಮುದ್ರದ ಮೇಲೆ ಕೆಲಸ ಮಾಡಿದವರು, ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿ ನಡೆಯುತ್ತಿದ್ದರು. ಕಾಫಿ ಬೇಡವೆಂದರು, ಹಾರ ಬೇಡವೆಂದರು. ವಿಜಯಶ್ರೀ ಮುಚ್ಚಿಡಲಿಲ್ಲ. ಬಲೆ ನಿನ್ನೆಯವರೆಗೆ ಬೇರೆ ಥರ ಇತ್ತು, ಇವತ್ತು ಹೀಗಾಗಿದೆ, ಇನ್ನೊಂದು ದಿನ ಕೊಟ್ಟರೆ ಒಳ್ಳೆಯದು ಎಂದು ಕೇಳಿಯೇಬಿಟ್ಟಳು. ಅವರು ಆ ಹುರಿಗೊಂಡ ಬಲೆಯನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿ, ಇನ್ನೊಂದು ದಿನ ತಮ್ಮ ಹತ್ತಿರ ಇಲ್ಲ, ಇದನ್ನೇ ಹಾಕೋಣ ಎಂದರು. ಕೊಳದ ನೀರು ಕಡು ಹಸಿರು, ಒಂದು ಗೇಣು ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಎಲ್ಲರೂ ಹೊರಗೆ ನಿಲ್ಲಬೇಕು, ಮೂರರಲ್ಲಿ ಒಂದು ತಂತಿಗೆ ಅವರೇ ಕೊಕ್ಕೆಯ ಕೋಲಿನಿಂದ ಬಲೆ ಸಿಕ್ಕಿಸುತ್ತಾರೆ, ಯಾವುದಕ್ಕೆ ಎಂದು ಪೆಟ್ಟಿಗೆಗಳು ಹೇಳಬೇಕು. ಇದು ಅವರ ಪರೀಕ್ಷೆ.

ಐದು ನಿಮಿಷ ಬಿಟ್ಟು ಒಳಗೆ ಕರೆದರು. ಅಲೆ ಯಂತ್ರ ಧಡಬಡ ಅನ್ನುತ್ತಿತ್ತು, ಹಳದಿ ಫ್ಯಾನು ತಲೆದೂಗುತ್ತಿತ್ತು. ಪರದೆಯ ಮೇಲೆ ಮೂರು ಹಸಿರು ಚುಕ್ಕಿ, ಮೂರು ಕಾಲಿಗೆ ಮೂರು. ಬಲೆ ಸಿಕ್ಕಿದ ಕಾಲಿನದು ಕೆಂಪಾಗಬೇಕು. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು. ಮೂರೂ ಹಸಿರು. ಶಶಿಕುಮಾರ್ ಉಗುರು ಕಚ್ಚುತ್ತಿದ್ದ. ಹತ್ತು ನಿಮಿಷಕ್ಕೆ ಚನ್ನವೀರೇಶ್ ಗಡಿಯಾರ ನೋಡಿಕೊಂಡರು.

"ಬಲೆ ಇದೆ ಮೇಡಂ, ನಾನೇ ಹಾಕಿದೀನಿ. ನಿಮ್ಮ ಪೆಟ್ಟಿಗೆ ಎಲ್ಲಾ ಸರಿ ಇದೆ ಅಂತಿದೆ."

ಎಲ್ಲಾ ಸರಿ ಇದೆ. ಈ ಮಾತು ಉಗ್ರಪ್ಪನವರ ಕಿವಿಗೆ ಬಿದ್ದದ್ದೇ ಮೈಯಲ್ಲಿ ಏನೋ ಎದ್ದು ನಿಂತಿತು. ನಲವತ್ತು ವರ್ಷದಲ್ಲಿ ಎಷ್ಟು ಮಿಷನ್ನುಗಳು ಅವರಿಗೆ ಹೀಗೆ ಸುಳ್ಳು ಹೇಳಿಲ್ಲ. ಮೀಟರು ಸರಿ ಅನ್ನುತ್ತದೆ, ಮಾಲೀಕ ಸರಿ ಅನ್ನುತ್ತಾನೆ, ಒಳಗೆ ಬೇರಿಂಗು ಸಾಯುತ್ತಿರುತ್ತದೆ. ಆಗ ಲಗ್ಗೆರೆಯ ಯಾವ ಮೇಸ್ತ್ರಿಯೂ ಮೀಟರು ನೋಡುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಮಿಷನ್ನಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾನೆ. ಒಳಗಿನದೆಲ್ಲ ಕಿವಿಗೇ ಬಂದು ಹೇಳುತ್ತದೆ.

ಪೂಜೆಗೆ ಜೋಡಿಸಿದ್ದ ಸಾಲಿನಿಂದ ಎಲ್ಲಕ್ಕಿಂತ ಉದ್ದದ ಸ್ಕ್ರೂಡ್ರೈವರನ್ನು ವಿಭೂತಿ ಕುಂಕುಮದ ಸಮೇತ ಎಳೆದುಕೊಂಡು, ಯಾರನ್ನೂ ಕೇಳದೆ, ಹೊಸ ಬಿಳಿ ಪಂಚೆಯಲ್ಲಿ ಉಗ್ರಪ್ಪನವರು ಕೊಳಕ್ಕೆ ಇಳಿದರು. ನೀರು ಎದೆಗೆ ಬಂತು. ಪಂಚೆ ಕೊಡೆಯ ಹಾಗೆ ಅರಳಿ ತೇಲಿತು. ಅವರೇ ಮಾಡಿದ ಅಲೆ ಅವರದೇ ಮುಖಕ್ಕೆ ಹೊಡೆಯಿತು. ಹನುಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಮೊದಲನೇ ಕಾಲಿನ ಬ್ರಾಕೆಟ್ಟಿಗೆ ಮೊನೆ ತಾಗಿಸಿ ಕಿವಿ ಕೊಟ್ಟರು. ಅಲೆ ಬಡಿದಾಗಲೆಲ್ಲ ಕೆಳಗಿನ ಬಿಗಿ ತಂತಿ ಗುಂಯ್ ಎನ್ನುತ್ತಿತ್ತು. ಮೂರನೇ ಕಾಲಿಗೆ ಹೋದರು. ಅದೇ ಗುಂಯ್. ಎರಡನೇ ಕಾಲಿಗೆ ಬಂದರು. ಕಣ್ಣು ಮುಚ್ಚಿದರು. ಮತ್ತೆ ಒಂದನೆಯದಕ್ಕೆ ಹೋಗಿ, ಮತ್ತೆ ಎರಡಕ್ಕೆ ಬಂದರು. ಎದೆ ಹೊಡೆದುಕೊಳ್ಳುವ ಸದ್ದು ಸ್ಕ್ರೂಡ್ರೈವರಿನ ಸದ್ದಿಗೆ ಅಡ್ಡ ಬರುತ್ತಿತ್ತು.

"ಎರಡನೇ ಕಾಲು ಸಾರ್," ಎಂದರು. "ಮಿಕ್ಕಿದ್ದೆರಡೂ ಒಂದೇ ಶ್ರುತಿ. ಇದ್ರ ದನಿ ಇಳಿದಿದೆ. ತಂತಿಗೆ ಏನೋ ಮೈಭಾರ ಆಗಿದೆ."

ಚನ್ನವೀರೇಶ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಎಲ್ಲರನ್ನೂ ಮತ್ತೆ ಹೊರಗೆ ಕಳಿಸಿದರು. ಉಗ್ರಪ್ಪನವರು ನೀರು ಸೋರಿಸುತ್ತ ಗೇಟಿನ ಹತ್ತಿರ ನಿಂತಾಗ, ಪಕ್ಕದ ಮನೆಯವರು ಕಾರಿಗೆ ನಿಂಬೆಹಣ್ಣು ಇಡುವುದನ್ನು ನಿಲ್ಲಿಸಿ ಇವರನ್ನೇ ನೋಡಿದರು. ಒಳಗೆ ಕರೆದರು, ಇವರು ಇಳಿದರು, ಕೇಳಿದರು. ಮೂರನೆಯದು ಎಂದರು. ಮತ್ತೆ ಹೊರಗೆ, ಮತ್ತೆ ಒಳಗೆ. ಈ ಸಲ ಒಂದು, ಎರಡು, ಮೂರು ಎಂದು ಮೂರು ಸುತ್ತು ಬಂದರೂ ಬಾಯಿ ಬಿಡಲಿಲ್ಲ. ವಿಜಯಶ್ರೀ ಕೊಳದ ಅಂಚಿಗೇ ಬಂದು ಮಂಡಿಯೂರಿ ಕುಳಿತಿದ್ದಳು. ತಮ್ಮ ಕಿವಿಯೇ ಕೈಕೊಟ್ಟಿತೇ ಎಂದು ಉಗ್ರಪ್ಪನವರಿಗೆ ಭಯವಾಯಿತು. ಆದರೂ ಕೇಳಿಸಿದ್ದನ್ನೇ ಹೇಳಿದರು.

"ಯಾವುದ್ರಲ್ಲೂ ಇಲ್ಲ ಸಾರ್."

ಚನ್ನವೀರೇಶ್ ಬಾಗಿ, ಕೊಳದ ಅಂಚಿನ ಕುರ್ಚಿಯ ಹಿಂದೆ ಕೈ ಹಾಕಿದರು. ಬಲೆ ಅಲ್ಲೇ ಸುರುಳಿಯಾಗಿ ಬಿದ್ದಿತ್ತು.

ಶಶಿಕುಮಾರ್ ಸಿಳ್ಳೆ ಹೊಡೆದೇಬಿಟ್ಟ. ವಿಜಯಶ್ರೀ ಮಾತ್ರ ಎದ್ದು ಕಂಪ್ಯೂಟರಿನ ಕಡೆ ಓಡುತ್ತಿದ್ದಳು. "ಶಶಿ, ಫಿಲ್ಟರ್ ತೆಗಿ. ಆ ಸದ್ದನ್ನ ನಾವೇ ಸೋಸಿ ಬಿಸಾಕ್ತಾ ಇದೀವಿ ಕಣೋ," ಎಂದಳು.  ಪೆಟ್ಟಿಗೆಯದು ತಪ್ಪೇ ಇರಲಿಲ್ಲ. ತಂತಿಯ ಜಗ್ಗನ್ನೂ ಅದು ಅಳೆಯುತ್ತಿತ್ತು, ಗುಂಯ್‌ಗುಡುವಿಕೆಯನ್ನೂ ಅಳೆಯುತ್ತಿತ್ತು. ಗುಂಯ್ ಅನ್ನುವುದು ಬರೀ ಗಲಾಟೆ ಎಂದುಕೊಂಡು ಇವರೇ ಮೂರು ವರ್ಷದಿಂದ ಅದನ್ನು ಒರೆಸಿ, ಜಗ್ಗನ್ನಷ್ಟೇ ಉಳಿಸಿಕೊಂಡು ನೋಡುತ್ತಿದ್ದರು. ಹರಡಿಕೊಂಡ ಬಲೆ ಜಗ್ಗುತ್ತದೆ, ಹುರಿಗೊಂಡ ಬಲೆ ಜಗ್ಗುವುದಿಲ್ಲ, ತಂತಿಗೆ ಸುತ್ತಿಕೊಂಡು ಅದರ ದನಿ ಇಳಿಸುತ್ತದೆ. ಅಂದರೆ ಅವರೂ ಒಂದು ಥರದಲ್ಲಿ ಸದ್ದನ್ನು ಒಗೆದು ಹಿಂಡಿಯೇ ನೋಡುತ್ತಿದ್ದರು.

ಶಶಿಕುಮಾರನ ಬೆರಳು ಕೀಲಿಗಳ ಮೇಲೆ ಇಪ್ಪತ್ತು ನಿಮಿಷ ಕುಣಿದವು. ಗಡಿಯಾರ ನೋಡುತ್ತಿದ್ದ ಚನ್ನವೀರೇಶ್ ಈಗ ತಾವಾಗಿಯೇ ಕಾಫಿ ಕೇಳಿದರು, ಕಡ್ಲೆಪುರಿಯನ್ನೂ ಮುಕ್ಕಿದರು. ಮೂರನೆಯ ಸಲ ಬಲೆ ನೀರಿಗೆ ಹೋಯಿತು. ಉಗ್ರಪ್ಪನವರು ಮತ್ತೆ ಇಳಿದರು, ಯಾರೂ ಬೇಡವೆನ್ನಲಿಲ್ಲ. ಒಂದನೇ ಕಾಲಿಗೆ ಮೊನೆ ಊರಿ, ಮೂರಕ್ಕೆ ಹೋಗಿ, ಎರಡಕ್ಕೆ ಬಂದು, ಒಂದನೇದು ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕುಂಯ್ ಎಂದಿತು. ತಿರುಗಿ ನೋಡಿದರು. ಪರದೆಯ ಮೇಲೆ ಒಂದನೇ ಚುಕ್ಕಿ ಕುಂಕುಮದ ಹಾಗೆ ಕೆಂಪಾಗಿತ್ತು. ತಾವು ಸೋತದ್ದಕ್ಕೆ ಇಷ್ಟು ಸಂತೋಷವಾಗಬಹುದೆಂದು ಉಗ್ರಪ್ಪನವರಿಗೆ ಗೊತ್ತೇ ಇರಲಿಲ್ಲ. ಎದೆಯುದ್ದ ನೀರಿನಲ್ಲಿ ನಿಂತು ಅವರು ಅತ್ತರು, ಮುಖ ಹೇಗೂ ಒದ್ದೆಯಾಗಿಯೇ ಇತ್ತು.

ಆಗ ಚನ್ನವೀರೇಶ್ ತಾವು ಹುಡುಕುತ್ತಿದ್ದದ್ದು ಏನೆಂದು ಹೇಳಿದರು. ಸಮುದ್ರದಲ್ಲಿ ಅವರು ಕೈಯಾರೆ ಹಗ್ಗದಿಂದ ಬಿಡಿಸಿದ ಬಲೆಗಳಲ್ಲಿ ಮುಕ್ಕಾಲು ಪಾಲು ಹೀಗೆಯೇ ಇದ್ದವಂತೆ, ಅಲೆಯಲ್ಲಿ ಉರುಳಿ ಉರುಳಿ ಹುರಿಗೊಂಡು, ಗಂಟುಗಂಟಾಗಿ. ಮಿಕ್ಕ ಮೂರು ಊರಿನವರೂ ಪರದೆಯ ಹಾಗೆ ಹರಡಿದ ಬಲೆ ಹಾಕಿ ತೋರಿಸಿದ್ದರು. ಹುರಿಗೊಂಡದ್ದು ಬಂದರೆ ಏನು ಮಾಡುತ್ತೀರಿ ಎಂದು ಇವರು ಕೇಳಿದಾಗ ಎಲ್ಲರೂ ತಡವರಿಸಿದ್ದರು. ಇಲ್ಲಿ ಕೇಳುವ ಮೊದಲೇ ಮೇಜಿನ ಮೇಲೆ ಅದೇ ಇತ್ತು.

"ಬಲೆನ ಹೀಗೆ ಹುರಿ ಹಾಕಿ ಇಡಬೇಕು ಅಂತ ಯಾರಿಗೆ ಹೊಳೀತು ಮೇಡಂ?"

ವಿಜಯಶ್ರೀ ಉಗ್ರಪ್ಪನವರ ಕಡೆ ನೋಡಿದಳು. ಸುಮ್ಮನಿದ್ದರೂ ನಡೆದುಹೋಗುತ್ತಿತ್ತು. ಅವರು ಒದ್ದೆ ಪಂಚೆ ಹಿಂಡುತ್ತ ನಿಂತಿದ್ದರು.

"ಯಾರಿಗೂ ಹೊಳೀಲಿಲ್ಲ ಸಾರ್. ಹಬ್ಬ ಅಂತ ನಾನೇ ಒಗೆದು ಹಿಂಡಿದೆ. ಮುಟ್ಟಬೇಡಿ ಅಂತ ಹೇಳಿದ್ರು, ಕೇಳಲಿಲ್ಲ."

ಬಂದಾಗಿನಿಂದ ನಗದಿದ್ದ ಆ ಮನುಷ್ಯ ಕೊಳದ ಅಂಚಿನ ಕುರ್ಚಿಯಲ್ಲಿ ಕುಳಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಕೆಲಸದ ಮಾತಿಗೆ ಬಂದರು. ಜಾಗ ಇವರದೇ. ಮಾರ್ಚಿನಲ್ಲಿ ಹಡಗು ಹೊರಡುತ್ತದೆ. ಅಷ್ಟರಲ್ಲಿ ಇದೇ ಹುರಿಗೊಂಡ ಬಲೆಗೆ ಮತ್ತೆ ಲೋಳೆ ಕಟ್ಟಿಸಿ, ಆ ಸ್ಥಿತಿಯಲ್ಲೂ ಪೆಟ್ಟಿಗೆ ಹಿಡಿಯುತ್ತದೆ ಎಂದು ತೋರಿಸಬೇಕು. ವಿಜಯಶ್ರೀ ಥ್ಯಾಂಕ್ಸ್ ಹೇಳಲು ಹೋಗಿ ಹನುಮವ್ವನನ್ನು ತಬ್ಬಿಕೊಂಡಳು. ಹನುಮವ್ವ ಕೈಯಲ್ಲಿದ್ದ ಪೊರಕೆ ಬಿಡದೆಯೇ ಅವಳ ಬೆನ್ನು ಸವರಿದಳು.

ಉಗ್ರಪ್ಪನವರಿಗೆ ಇನ್ನೊಂದು ಬಾಕಿ ಇತ್ತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟರು, ಇದು ಹೋಗಿ ಕೂರುವುದು ಸರಿಯಾಗಿ ಎಲ್ಲಿಗೆ ಎಂದು. ನಿಮಗ್ಯಾಕೆ ಎಂದು ಚನ್ನವೀರೇಶ್ ಅನ್ನಲಿಲ್ಲ. ರಂಗೋಲಿ ಬಟ್ಟಲಿನಿಂದ ಒಂದು ಚಿಟಿಕೆ ಪುಡಿ ತೆಗೆದು, ತೊಳೆದ ನೆಲದ ಮೇಲೆ ಒಂದು ಗೆರೆ ಎಳೆದರು. ಇದು ದಡ. ಅಲ್ಲಿಂದ ಎರಡು ಮೊಳ ದೂರಕ್ಕೆ ಹೋಗಿ, ಫ್ಯಾನಿನ ಮೂರು ಕಾಲಿಗೆ ಒತ್ತೊತ್ತಾಗಿ ಮೂರು ಚುಕ್ಕಿ ಇಟ್ಟರು. ದೋಣಿಯಲ್ಲಿ ಮೂರು ಗಂಟೆ, ಹೊಟ್ಟೆ ತೊಳೆಸುತ್ತದೆ, ಬರುತ್ತೀರಾ ಎಂದರು. ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು, ನಿಮ್ಮ ಬ್ರಾಕೆಟ್ಟು ಇಲ್ಲಿ, ಇಲ್ಲಿ, ಇಲ್ಲಿ ಎಂದರು.

"ಸ್ಕ್ರೂಡ್ರೈವರ್ ತಗೊಂಡು ಬರ್ತೀನಿ ಸಾರ್," ಎಂದರು ಉಗ್ರಪ್ಪನವರು. ಆ ಚುಕ್ಕಿಗಳನ್ನು ಯಾರೂ ತುಳಿಯದಂತೆ ಅವುಗಳ ಮೇಲೊಂದು ಬಟ್ಟಲು ಬೋರಲು ಹಾಕಿದರು.

ಬೂದುಗುಂಬಳಕಾಯಿ ಒಡೆಯಿತು, ಗಂಟೆ ಮೊಳಗಿತು. ಒದ್ದೆ ಬಟ್ಟೆಯಲ್ಲೇ ಉಗ್ರಪ್ಪನವರು ಲೇತಿಗೆ, ಅಲೆ ಯಂತ್ರಕ್ಕೆ, ಫ್ಯಾನಿಗೆ, ಮೂರು ಪೆಟ್ಟಿಗೆಗೆ, ಶಶಿಕುಮಾರನ ಕಂಪ್ಯೂಟರಿಗೆ ಕುಂಕುಮ ಇಟ್ಟರು. ವಿಜಯಶ್ರೀ ಕೊಳದಿಂದ ಬಲೆಯನ್ನು ಎಳೆದು ತಂದು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅವರ ಮುಂದೆ ಇಟ್ಟು, ಇದಕ್ಕೂ ಇಡಿ ಅಣ್ಣ ಎಂದಳು. ಮೂರು ಸಲ ಕೊಳಕ್ಕೆ ಹೋಗಿ ಬಂದ ಬಲೆಗೆ ಅಲ್ಲಲ್ಲಿ ಹಸಿರು ಲೋಳೆ ಹತ್ತಿತ್ತು. ಕುಂಕುಮ ಇಡುವ ಜಾಗದಲ್ಲೇ ಒಂದು ದಪ್ಪ ಮುದ್ದೆ. ಉಗ್ರಪ್ಪನವರ ಎಡಗೈ ತನ್ನಷ್ಟಕ್ಕೆ ತಾನೇ ಹೆಗಲಿನ ಟವೆಲಿಗೆ ಹೋಯಿತು, ಟವೆಲಿನ ತುದಿ ಲೋಳೆಯ ಹತ್ತಿರಕ್ಕೆ ಬಂತು.

"ಯಜಮಾನ್ರ," ಎಂದಳು ಹನುಮವ್ವ.

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು, ಲೋಳೆಯ ಮೇಲೆಯೇ ಕುಂಕುಮ ಇಟ್ಟರು.